ಇಪ್ಪತ್ತಾರನೆಯ ಮಗು

ಸರ್ಕಾರಿ ಪುಸ್ತಕದಲ್ಲಿ ನಾನು ನಿಜ ಬರೆದದ್ದು ಒಂದೇ ಸಲ. ಅದಕ್ಕೂ ಕಾರಣ ಕೇಳಿ ನೋಟಿಸು ಬಂತು.

ಅದು ರುಚಿ ನೋಡುವ ಪುಸ್ತಕ. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಅರ್ಧ ಗಂಟೆ ಮೊದಲು ಶಾಲೆಯ ಮುಖ್ಯಸ್ಥರು ಉಂಡು ನೋಡಬೇಕು, ಆಮೇಲೂ ಗಟ್ಟಿಮುಟ್ಟಾಗಿದ್ದರೆ ರುಚಿ ಹೇಗಿತ್ತೆಂದು ಬರೆದು ಸಹಿ ಹಾಕಬೇಕು. ಹಿನಕಲ್ ಕಡೆಯ ಒಂದು ಸಣ್ಣ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಾನೇ ಮುಖ್ಯಸ್ಥೆ, ನಾನೇ ಗುಮಾಸ್ತೆ, ನಾನೇ ಬೆಲ್ಲು ಹೊಡೆಯುವವಳು. ಜೊತೆಗೊಬ್ಬ ಮೇಷ್ಟ್ರಿದ್ದಾರೆ. ಮತದಾರರ ಪಟ್ಟಿ, ಸಮೀಕ್ಷೆ, ತರಬೇತಿ ಎಂದು ಸರ್ಕಾರ ಅವರನ್ನು ಎಷ್ಟು ಪ್ರೀತಿಯಿಂದ ಕರೆಸಿಕೊಳ್ಳುತ್ತದೆಂದರೆ, ಅವರು ಬಾಗಿಲಲ್ಲಿ ಕಂಡರೆ ಮಕ್ಕಳು ಯಾರೋ ಅತಿಥಿ ಬಂದರೆಂದು ಎದ್ದು ನಿಲ್ಲುತ್ತಾರೆ. ಹೀಗಾಗಿ ರುಚಿ ನೋಡುವ ಭಾಗ್ಯವೂ ನನ್ನದೇ. ಮೊದಲು ನಾನು ಸೋಮವಾರ ಒಪ್ಪೊತ್ತು ಇರುತ್ತಿದ್ದೆ. ಈ ಕೆಲಸ ಹೆಗಲಿಗೆ ಬಿದ್ದ ಮೇಲೆ ಅದನ್ನು ಗುರುವಾರಕ್ಕೆ ಹಾಕಿಕೊಂಡೆ. ಗುರುವಾರವೂ ಶಾಲೆ ಇರುತ್ತದೆ ಎಂಬುದು ಗುರುವಾರ ಬಂದಾಗ ಹೊಳೆಯಿತು. ಈಗ ಭಾನುವಾರ ಉಪವಾಸ. ನಮ್ಮ ಮನೆಯಲ್ಲಿ ಬಾಡೂಟ ಮಾಡುವುದೂ ಭಾನುವಾರವೇ. ದೇವರು ಮತ್ತು ಸರ್ಕಾರ ಸೇರಿಕೊಂಡರೆ ಮನುಷ್ಯರಿಗೆ ಉಳಿಗಾಲವಿಲ್ಲ.

ದಿನಾ ಆ ಪುಸ್ತಕದಲ್ಲಿ ‘ಶುಚಿಯಾಗಿದೆ, ರುಚಿಯಾಗಿದೆ’ ಎಂದು ಮುದ್ದಾದ ಅಕ್ಷರದಲ್ಲಿ ಬರೆಯುತ್ತಿದ್ದೆ. ಒಂದು ದಿನ ಸಾಂಬಾರನ್ನು ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬಂತು. ನನಗೆ ಸಿಟ್ಟು ಬೇಗ. ‘ಉಪ್ಪು ವಿಪರೀತ’ ಎಂದು ಬರೆದು, ಅಡಿಗೆರೆ ಎಳೆದು, ಸಹಿ ಹಾಕಿದೆ. ಹದಿನೈದು ದಿನಕ್ಕೆ ಕಚೇರಿಯಿಂದ ಕಾಗದ ಬಂತು: ಸದರಿ ದಿನ ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಉಪ್ಪು ಬಳಸಿರುವುದಕ್ಕೆ ಸೂಕ್ತ ಸಮಜಾಯಿಷಿ ನೀಡತಕ್ಕದ್ದು. ಸಮಜಾಯಿಷಿ ಏನೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು. ಆದರೆ ಅದನ್ನು ಕಚೇರಿಯ ಭಾಷೆಯಲ್ಲಿ ಬರೆಯಲು ಸಾಧ್ಯವಿರಲಿಲ್ಲ.

ಯಾಕೆಂದರೆ ನಮ್ಮ ಶಾಲೆಯ ಇಬ್ಬರು ಅಡುಗೆಯವರು ನಾಲ್ಕು ವರ್ಷದಿಂದ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ.

ಹಿರಿಯಾಕೆಯನ್ನು ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಾರೆ, ಕಿರಿಯಾಕೆಯನ್ನು ಚಿಕ್ಕಮ್ಮ. ನಾನೂ ಹಾಗೇ ಕರೆಯುತ್ತೇನೆ. ದೊಡ್ಡಮ್ಮ ಹಿನಕಲ್ ಇನ್ನೂ ಹಳ್ಳಿಯಾಗಿದ್ದಾಗಿನವರು. ಈಗ ಅಪಾರ್ಟ್‌ಮೆಂಟ್ ಇರುವ ಜಾಗದಲ್ಲಿ ತಾವು ರಾಗಿ ಕೊಯ್ದದ್ದನ್ನು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಗಂಟಲು ದೊಡ್ಡದು. ಚಿಕ್ಕಮ್ಮನದು ಇದ್ದಾರೋ ಇಲ್ಲವೋ ಎಂಬಂಥ ದನಿ. ಅವರ ಗಂಡ ಮಂಡಿ ಮೊಹಲ್ಲಾದ ಸಗಟು ಅಂಗಡಿಗಳಲ್ಲಿ ಮೂಟೆ ಹೊರುತ್ತಿದ್ದವರು, ಬೆನ್ನು ಕೈಕೊಟ್ಟು ಮನೆಯಲ್ಲಿದ್ದರು. ಮನೆ ನಡೆಯುತ್ತಿದ್ದುದು ಈಕೆಯ ಬಿಸಿಯೂಟದ ಕೆಲಸದಿಂದ, ಮತ್ತು ಸಂಜೆ ಎರಡು ಮನೆಯ ಪಾತ್ರೆಯಿಂದ.

ಜಗಳಕ್ಕೆ ಕಾರಣ ಸರ್ಕಾರ. ಅಡುಗೆಯವರು ಶುಚಿಯಾಗಿರಬೇಕೆಂದು ಒಂದು ವರ್ಷ ಏಪ್ರನ್ನು, ತಲೆಗೆ ಟೋಪಿ ಬಂದವು. ಇಬ್ಬರಿಗೆ ಒಂದು ಏಪ್ರನ್ನು, ಒಂದು ಟೋಪಿ. ಉಳಿದದ್ದು ಮುಂದಿನ ಅನುದಾನದಲ್ಲಿ ಎಂದರು. ಮುಂದಿನ ಅನುದಾನದಲ್ಲಿ ಬಕೆಟ್ಟು ಬಂತು. ದೊಡ್ಡಮ್ಮ ಹಿರಿತನದ ಮೇಲೆ ಏಪ್ರನ್ನು ಕಟ್ಟಿಕೊಂಡರು, ಚಿಕ್ಕಮ್ಮ ಟೋಪಿ ಹಾಕಿಕೊಂಡರು. ಒಂದು ದಿನ ತಪಾಸಣೆಗೆ ಬಂದ ಸಾಹೇಬರು ಚಿಕ್ಕಮ್ಮನನ್ನು ಏಪ್ರನ್ ಎಲ್ಲಿ ಎಂದು ಎಲ್ಲರೆದುರಿಗೆ ಗದರಿದರು. ದೊಡ್ಡಮ್ಮ ಟೋಪಿ ಹಾಕಿರಲಿಲ್ಲ, ಆದರೆ ಅವರು ಸೆರಗನ್ನು ತಲೆ ಮೇಲೆ ಎಳೆದುಕೊಂಡು ದೇವರ ಪಟದಂತೆ ನಿಂತುಬಿಟ್ಟಿದ್ದರು. ಸಾಹೇಬರಿಗೆ ಭಕ್ತಿ ಬಂದಿರಬೇಕು, ಏನೂ ಅನ್ನಲಿಲ್ಲ. ಅವತ್ತಿನಿಂದ ಮಾತು ಬಂದ್.

ಮಾತಾಡದ ಇಬ್ಬರು ಒಂದು ಸಾಂಬಾರು ಮಾಡಿದರೆ ಏನಾಗುತ್ತದೆ? ಒಂದು ದಿನ ಇಬ್ಬರೂ ಉಪ್ಪು ಹಾಕುತ್ತಿದ್ದರು, ಇನ್ನೊಂದು ದಿನ ಇಬ್ಬರೂ ಹಾಕುತ್ತಿರಲಿಲ್ಲ. ನಾನು ಪಾಠ ಬಿಟ್ಟು ಹೋಗಿ, “ದೊಡ್ಡಮ್ಮ, ಉಪ್ಪು ಹಾಕಿದ್ರಾ?” ಎಂದು ಕೇಳಿದರೆ, “ಹಾಕೋರು ಹಾಕಿರ್ಬೋದು ಕಣಮ್ಮ, ನಂಗೇನ್ ಗೊತ್ತು” ಎಂದು ಗೋಡೆಗೆ ಹೇಳುತ್ತಿದ್ದರು. ಕೊನೆಗೆ ನನ್ನ ಬಿ.ಎಡ್. ಬುದ್ಧಿಯನ್ನೆಲ್ಲ ಖರ್ಚು ಮಾಡಿ ಒಂದು ಉಪಾಯ ಮಾಡಿದೆ. ಉಪ್ಪಿನ ಡಬ್ಬಿ ಒಲೆಯ ಎಡಗಡೆ ಇದ್ದರೆ ಹಾಕಿಲ್ಲ, ಬಲಗಡೆ ಇದ್ದರೆ ಹಾಕಿಯಾಗಿದೆ. ಹಾಕಿದವರು ಡಬ್ಬಿ ಸರಿಸಿಬಿಡಬೇಕು. ಇಬ್ಬರೂ ತಲೆಯಾಡಿಸಿದರು. ಅವತ್ತೇ ಸಾಂಬಾರು ಬಾಯಿಗಿಡಲಾಗದಷ್ಟು ಉಪ್ಪಾಯಿತು. ಇಬ್ಬರೂ ಒಲೆಯ ಆಚೆ ಒಬ್ಬರು, ಈಚೆ ಒಬ್ಬರು ಎದುರುಬದುರು ನಿಂತು ಅಡುಗೆ ಮಾಡುತ್ತಾರೆ, ಒಬ್ಬರ ಎಡ ಇನ್ನೊಬ್ಬರಿಗೆ ಬಲ ಎಂಬುದು ನನಗೆ ಹೊಳೆದಿರಲಿಲ್ಲ. ನೋಟಿಸು ಬಂದದ್ದು ಆ ಸಾಂಬಾರಿಗೇ. ಈ ಸಮಜಾಯಿಷಿಯನ್ನು ನಾನು ಯಾವ ಮುಖ ಇಟ್ಟುಕೊಂಡು ಬರೆಯಲಿ? ‘ಮುಂದೆ ಹೀಗಾಗದಂತೆ ಎಚ್ಚರ ವಹಿಸಲಾಗುವುದು’ ಎಂದು ಬರೆದು ಕೈತೊಳೆದುಕೊಂಡೆ.

ಸರ್ಕಾರ ಏನೂ ಕೊಡುವುದಿಲ್ಲ ಎಂದರೆ ಅದು ಸುಳ್ಳು. ಅಕ್ಕಿ ಬೇಳೆ ಬರುತ್ತದೆ, ಹಾಲಿನ ಪುಡಿ ಬರುತ್ತದೆ, ಮೊಟ್ಟೆ ಬಾಳೆಹಣ್ಣಿಗೆ ದುಡ್ಡು ಬರುತ್ತದೆ, ಪುಸ್ತಕ, ಬಟ್ಟೆ, ಶೂ ಎಲ್ಲ ಬರುತ್ತವೆ. ಬರುವುದೇನೋ ನಿಜ, ಒಂದರ ಜೊತೆ ಇನ್ನೊಂದು ಬರುವುದಿಲ್ಲ. ನಮಗೊಂದು ದೊಡ್ಡ ಟಿವಿ ಬಂತು. ಅದನ್ನು ತೂಗುಹಾಕಬೇಕಾದ ಗೋಡೆ ಮಳೆಗೆ ನೆನೆದು ಮೊಳೆ ಹಿಡಿಯುತ್ತಿರಲಿಲ್ಲ. ಗೋಡೆಯ ದುಡ್ಡು ಬೇರೆ ಲೆಕ್ಕ ಶೀರ್ಷಿಕೆಯಲ್ಲಿ ಬರಬೇಕಂತೆ. ಟಿವಿಯನ್ನು ದಾಸ್ತಾನು ಕೋಣೆಯಲ್ಲಿಟ್ಟೆವು. ಅದು ಈಗಲೂ ಅಕ್ಕಿ ಮೂಟೆಗಳ ಕಡೆ ಮುಖ ಮಾಡಿ ಕೂತಿದೆ.

ಈ ಸಂಸಾರ ಹೀಗೇ ತೂಗಿಕೊಂಡು ಹೋಗುತ್ತಿದ್ದಾಗ, ಒಂದು ಜೂನ್‌ನಲ್ಲಿ, ಕಟ್ಟಡ ಕೆಲಸದ ಒಂದು ಕುಟುಂಬ ಬೇರೆ ಊರಿಗೆ ಹೋಯಿತು. ಅವರ ಜೊತೆ ನಮ್ಮ ಇಬ್ಬರು ಮಕ್ಕಳೂ ಹೋದರು. ಉಳಿದವರು ಇಪ್ಪತ್ತೈದು. ಮಾರನೆಯ ವಾರವೇ ಕಚೇರಿಯಿಂದ ಫೋನು.

“ಮೇಡಂ, ನಿಮ್ದು ಇಪ್ಪತ್ತೈದಕ್ಕೆ ಇಳ್ದಿದೆ. ಇಪ್ಪತ್ತೈದರ ತನಕ ಒಬ್ರೇ ಅಡುಗೆಯವರು. ಇಪ್ಪತ್ತಾರು ಇದ್ರೆ ಇಬ್ರು. ಜೂನ್ ಕೊನೆಯೊಳಗೆ ಸಂಖ್ಯೆ ಏರಿಸ್ಕೊಳ್ಳಿ. ಇಲ್ಲಾಂದ್ರೆ ಸೇವೆಯಲ್ಲಿ ಕಿರಿಯರನ್ನ ಕೈಬಿಡಬೇಕಾಗತ್ತೆ.”

“ಒಂದು ಮಗು ಕಮ್ಮಿಯಾದ್ರೆ ಕೆಲಸ ಅರ್ಧ ಕಮ್ಮಿಯಾಗತ್ತಾ ಸಾರ್?” ಎಂದು ಕೇಳಿದೆ.

“ನಾನಲ್ಲ ಮೇಡಂ, ನಿಯಮ” ಎಂದರು. ಪಾಪ, ಒಳ್ಳೆಯವರೇ. ಗಟ್ಟಿಯಾಗಿ ನಿಟ್ಟುಸಿರು ಬಿಟ್ಟು ಫೋನಿಟ್ಟರು.

ಅಡುಗೆಮನೆಗೆ ಹೋಗಿ ವಿಷಯ ಹೇಳಿದೆ. ಚಿಕ್ಕಮ್ಮ ಬೀನ್ಸ್ ಮುರಿಯುತ್ತಿದ್ದವರು ಮುರಿಯುತ್ತಲೇ ಇದ್ದರು. ನಾರು ತೆಗೆಯುವುದನ್ನು ಮಾತ್ರ ಮರೆತುಬಿಟ್ಟರು. ದೊಡ್ಡಮ್ಮ ಸೌಟನ್ನು ಪಾತ್ರೆಗೆ ಕುಟ್ಟಿ, “ನಂಗೇನಮ್ಮ, ನಾನ್ ಸೀನಿಯರ್ರು” ಎಂದರು. ಅವತ್ತು ಸಾಂಬಾರಿಗೆ ಯಾರೂ ಉಪ್ಪು ಹಾಕಲಿಲ್ಲ.

ಇಪ್ಪತ್ತಾರನೆಯ ಮಗುವನ್ನು ಹುಡುಕಿಕೊಂಡು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬೀದಿಗಿಳಿದೆವು. ನಾನು, ಚಿಕ್ಕಮ್ಮ, ಮತ್ತು “ಮನೇಗ್ ಹೋಗಿ ಏನ್ ಮಾಡ್ಲಿ, ಸುಮ್ಕೆ ಬತ್ತೀನಿ” ಎಂದು ದೊಡ್ಡಮ್ಮ. ನಡುವೆ ನಾನು, ಆಚೆ ಈಚೆ ಇವರಿಬ್ಬರು. ಒಂದು ಮನೆಯ ಮುಂದೆ ನಿಂತು ನಾನು ನನ್ನ ಭಾಷಣ ಶುರು ಮಾಡಿದೆ. ಪುಸ್ತಕ ಉಚಿತ, ಬಟ್ಟೆ ಉಚಿತ, ಶೂ ಉಚಿತ, ಬೆಳಿಗ್ಗೆ ಹಾಲು, ಮಧ್ಯಾಹ್ನ ಬಿಸಿಯೂಟ, ಮೊಟ್ಟೆ. ಮನೆಯಾಕೆ ಎಲ್ಲ ಕೇಳಿ, “ಇಷ್ಟೊಂದ್ ಬಿಟ್ಟಿ ಕೊಡ್ತೀರಿ ಅಂದ್ರೆ ಏನೋ ಐಬಿರ್ಬೇಕು ಕಣ್ರೀ” ಎಂದು ಬಾಗಿಲು ಹಾಕಿಕೊಂಡರು. ಇನ್ನೊಬ್ಬರು ಟೈ ಉಂಟಾ ಎಂದು ಕೇಳಿದರು. ಮತ್ತೊಬ್ಬರು ವ್ಯಾನ್ ಮನೆ ಬಾಗಿಲಿಗೆ ಬರುತ್ತಾ ಎಂದರು. ಅವರ ಮನೆಯಿಂದ ನೋಡಿದರೆ ನಮ್ಮ ಶಾಲೆಯ ಬಾವುಟ ಕಾಣುತ್ತದೆ.

“ಎದ್ರುಗೇ ಐತಲ್ಲವ್ವಾ, ವ್ಯಾನ್ ಏನಕ್ಕೆ?” ಎಂದು ದೊಡ್ಡಮ್ಮ.

“ಎಲ್ರೂ ವ್ಯಾನ್ ಹತ್ತುವಾಗ ನಮ್ ಮಗು ಒಂದೇ ನಡ್ಕೊಂಡು ಹೋದ್ರೆ ಏನಂದ್ಕೋತಾರೆ?”

ನಾಲ್ಕನೆಯ ಮನೆಯಲ್ಲಿ ನಮಗೆ ಕೂರಲು ಚಾಪೆ ಹಾಕಿದರು, ಕಾಫಿ ಕೊಟ್ಟರು. ಆಕೆ ನನ್ನ ಮಾತನ್ನು ಶ್ರದ್ಧೆಯಿಂದ ಕೇಳಿದರು. ಇನ್ನೇನು ಒಪ್ಪಿದರು ಎನ್ನುವಾಗ ಮೆಲ್ಲಗೆ, “ನಿಮ್ ಮಕ್ಳು ಯಾವ್ ಸ್ಕೂಲು ಮೇಡಂ?” ಎಂದರು.

ಕಾಫಿ ಲೋಟ ಕೆಳಗಿಟ್ಟೆ. “ನಮ್ಮನೆ ನಜರ್‌ಬಾದ್‌ನಲ್ಲಿ. ಇಲ್ಲಿಗೆ ದೂರ ಆಗತ್ತೆ” ಎಂದೆ. ದಿನಾ ನಜರ್‌ಬಾದಿನಿಂದ ನಾನು ಸ್ಕೂಟರಿನಲ್ಲಿ ಬರುತ್ತೇನೆ. ಹಿಂದಿನ ಸೀಟು ಖಾಲಿಯೇ ಇರುತ್ತದೆ. ಎರಡನೆಯ ಕ್ಲಾಸಿನ ನನ್ನ ಮಗಳು ಹಳದಿ ವ್ಯಾನ್ ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುತ್ತಾಳೆ.

ಆಕೆ ಈಗ ದೊಡ್ಡಮ್ಮನ ಕಡೆ ತಿರುಗಿದರು. “ನಿಮ್ ಮೊಮ್ಮಗಳೂ ಕಾನ್ವೆಂಟಿಗಲ್ವಾ ಅಜ್ಜಿ ಹೋಗೋದು? ನಮ್ ಹುಡುಗಿ ಜೊತೇಲೇ ವ್ಯಾನ್ ಹತ್ತುತ್ತಾಳೆ.”

ಊರಿಗೆಲ್ಲ ಕೇಳುವ ದೊಡ್ಡಮ್ಮನ ಗಂಟಲು ಅವತ್ತು ಎಲ್ಲೋ ಒಳಗೆ ಹೋಗಿಬಿಟ್ಟಿತು. “ಸೊಸೆ ಸೇರ್ಸವ್ಳೆ” ಎಂದರು. ನಾವು ಮೂವರೂ ಚಪ್ಪಲಿ ಹುಡುಕಿಕೊಂಡು ಎದ್ದೆವು. ರಸ್ತೆಗೆ ಬಂದ ಮೇಲೆ ನಾನು ಸಿಟ್ಟಿನಿಂದ ಸರ್ಕಾರವನ್ನು ಬೈದೆ. ಬೈಯಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ಬೈಸಿಕೊಳ್ಳಬೇಕಾದವರು ನಾನು, ದೊಡ್ಡಮ್ಮ ಇಬ್ಬರೇ, ನಮ್ಮನ್ನು ನಾವು ಬೈದುಕೊಳ್ಳುವುದು ಹೇಗೆ? ಚಿಕ್ಕಮ್ಮನ ಮಕ್ಕಳಿಬ್ಬರೂ ನಮ್ಮಲ್ಲೇ ಓದಿ ಹೈಸ್ಕೂಲಿಗೆ ಹೋದವರು. ಚಿಕ್ಕಮ್ಮ ಆಗಲೇ ಮುಂದಿನ ಮನೆ ಯಾವುದೆಂದು ನೋಡುತ್ತಿದ್ದರು. ನಮ್ಮನ್ನು ಬೈದಿದ್ದರೆ ಚೆನ್ನಾಗಿತ್ತು.

ಮಾರನೆಯ ವಾರ ಒಂದು ಮಗು ಸಿಕ್ಕೇ ಸಿಕ್ಕಿತು. ನಮ್ಮ ಎರಡನೆಯ ಕ್ಲಾಸಿನ ಹುಡುಗಿಯ ತಂಗಿ. ಅವರ ತಾಯಿ ಕೈಹಿಡಿದು ಕರೆದುಕೊಂಡು ಬಂದು, “ಆರ್ ತುಂಬ್ತು ಮೇಡಂ” ಎಂದರು. ಮಗು ನನ್ನ ಮೇಜಿಗಿಂತ ಗಿಡ್ಡವಾಗಿತ್ತು. ಬಾಯಲ್ಲಿ ಹಾಲುಹಲ್ಲು ಒಂದೂ ಬಿದ್ದಿರಲಿಲ್ಲ. ನಾನು ಕೇಳಬಾರದಾಗಿತ್ತು, ಆದರೂ ಅಭ್ಯಾಸಬಲದಿಂದ, “ಎಷ್ಟು ವರ್ಷ ಪುಟ್ಟಿ?” ಎಂದೆ. ಮಗು ನಾಲ್ಕು ಬೆರಳು ತೋರಿಸಿತು. ತಾಯಿ ಹಿಂದಿನಿಂದ ಅದರ ಹೆಬ್ಬೆರಳನ್ನೂ ಬಿಡಿಸಲು ನೋಡಿದರು. ಐದಾದರೂ ಸಾಲದು ಎಂದು ನೆನಪಾಗಿ ಇನ್ನೊಂದು ಕೈಗೂ ಕೈಹಾಕಿದರು. ಜನನ ಪ್ರಮಾಣಪತ್ರ ಕಂಪ್ಯೂಟರಿಗೆ ಹಾಕಿದರೆ ಅದು ಕೆಂಪು ಅಕ್ಷರದಲ್ಲಿ ಆಗುವುದಿಲ್ಲ ಎಂದಿತು. ಮೂರು ಸಲ ಹಾಕಿದೆ. ಮೂರು ಸಲವೂ ಅದು ಮಾತು ಬದಲಿಸಲಿಲ್ಲ.

ಮಗು ಮಾತ್ರ ಸೇರಿಕೊಂಡೇಬಿಟ್ಟಿತು. ದಿನಾ ಅಕ್ಕನ ಪಕ್ಕ ತಟ್ಟೆ ಹಿಡಿದು ಕೂತು, ಎರಡು ಸಲ ಅನ್ನ ಹಾಕಿಸಿಕೊಂಡು, ಮೊಟ್ಟೆಯ ಹಳದಿಯನ್ನು ಕೊನೆಗೆಂದು ಕೆನ್ನೆಯಲ್ಲಿಟ್ಟುಕೊಂಡು ತಿನ್ನುತ್ತಿತ್ತು. ಸಾಲಿನಲ್ಲಿ ಎಣಿಸಿದರೆ ತಲೆ ಇಪ್ಪತ್ತಾರು, ಹಾಜರಿಯ ಆ್ಯಪಿನಲ್ಲಿ ಇಪ್ಪತ್ತೈದು. ಅದರ ಪಾಲಿನ ಮೊಟ್ಟೆಯನ್ನು ನಾನು ಮನೆಯಿಂದ ತರುತ್ತಿದ್ದೆ. ಚಿಕ್ಕಮ್ಮ ಆ ಮಗುವಿಗೆ ಬಡಿಸುವಾಗ ಒಂದು ಗಳಿಗೆ ಹೆಚ್ಚು ನಿಲ್ಲುತ್ತಿದ್ದರು. ಇದು ಇನ್ನೊಂದೂವರೆ ವರ್ಷ ಮುಂಚೆ ಹುಟ್ಟಿದ್ದರೆ ಎಂದು ಅವರಿಗೂ ಅನ್ನಿಸಿರಬೇಕು.

ಜೂನ್ ಕೊನೆಗೆ ನಾಲ್ಕು ದಿನ ಉಳಿದಿತ್ತು. ಅದರ ಮೇಲೆ ದೊಡ್ಡಮ್ಮ ಎರಡು ದಿನ ಬೆಳಿಗ್ಗೆ ತಡವಾಗಿ ಬಂದರು. ಕೇಳಿದರೆ ಬ್ಯಾಂಕು ಎಂದರು. ಅಷ್ಟೂ ಹೊತ್ತು ಚಿಕ್ಕಮ್ಮ ಒಬ್ಬರೇ ಅಕ್ಕಿ ತೊಳೆದು, ತರಕಾರಿ ಹೆಚ್ಚಿ, ಹಾಲು ಕಾಯಿಸಿ ಕೊಟ್ಟರು. ನನಗೆ ಮೈ ಉರಿಯಿತು. ಕೆಲಸ ಗಟ್ಟಿಯಿದೆ ಎಂದು ಈ ಮುದುಕಿಗೆ ಎಷ್ಟು ಕೊಬ್ಬು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಎರಡನೆಯ ದಿನ ಊಟದ ಮೇಲೆ ಚಿಕ್ಕಮ್ಮ ನನ್ನ ಮೇಜಿನ ಹತ್ತಿರ ಬಂದು ನಿಂತರು. ಹತ್ತು ವರ್ಷದಲ್ಲಿ ಅವರು ನನ್ನನ್ನು ಏನನ್ನೂ ಕೇಳಿದವರಲ್ಲ.

“ಮೇಡಮ್ಮೋರೆ, ನಿಮ್ ಪಾಪು ಹೆಸ್ರು ಒಂದ್ ಬರ್ಕಂಬುಟ್ರೆ ಆಗಾಕಿಲ್ವಾ? ಮಗು ಬರೋದೇ ಬ್ಯಾಡ. ಬರೀ ಹೆಸ್ರು.”

ಇಲ್ಲ ಎನ್ನಲು ಒಂದು ಮಾತು ಸಾಕಿತ್ತು. ಒಂದು ಮಗುವಿನ ಹೆಸರು ಎರಡು ಶಾಲೆಯಲ್ಲಿದ್ದರೆ ಕಂಪ್ಯೂಟರ್ ಹಿಡಿದುಬಿಡುತ್ತದೆ, ಅಷ್ಟೆ. ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಸುಳ್ಳು ಹಾಜರಿ ಎಂದರೇನು, ಅದು ಎಂಥ ಅಪರಾಧ, ಸರ್ಕಾರದ ಅನುದಾನ ಯಾರ ತೆರಿಗೆ ದುಡ್ಡು ಎಂದು ಪೂರ್ತಿ ಕಾಲು ಗಂಟೆ ಪಾಠ ಮಾಡಿದೆ. ದನಿ ಏರುತ್ತಾ ಹೋಯಿತು. ತಪ್ಪು ನನ್ನದೆಂದು ಗೊತ್ತಾದಾಗ ನನ್ನ ದನಿ ಯಾವಾಗಲೂ ಏರುತ್ತದೆ, ನನ್ನ ಗಂಡನನ್ನು ಕೇಳಿದರೆ ಹೇಳುತ್ತಾರೆ. ಹೆಸರು ಮಾತ್ರ ಯಾಕೆ, ಮಗಳನ್ನೇ ಕರೆದುಕೊಂಡು ಬಂದರೆ ಸುಳ್ಳೂ ಇಲ್ಲ, ಅಪರಾಧವೂ ಇಲ್ಲ ಎಂಬುದನ್ನು ಆ ಕಾಲು ಗಂಟೆಯಲ್ಲಿ ನಾನು ಒಮ್ಮೆಯೂ ಬಾಯಿಬಿಡಲಿಲ್ಲ. ಚಿಕ್ಕಮ್ಮ, “ತಪ್ಪಾಯ್ತು ಮೇಡಮ್ಮೋರೆ” ಎಂದು ಹೋದರು. ಅಡುಗೆಮನೆಯ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು.

ಮಾರನೆಯ ಬೆಳಿಗ್ಗೆ ನಾನು ಗೇಟು ತೆಗೆಯುವಾಗಲೇ ದೊಡ್ಡಮ್ಮ ಕಾಯುತ್ತಿದ್ದರು. ಪಕ್ಕದಲ್ಲಿ ಟೈ, ಬೆಲ್ಟು, ಮಿರಮಿರ ಮಿಂಚುವ ಬೂಟು ಹಾಕಿಕೊಂಡ ಎರಡು ಜಡೆಯ ಹುಡುಗಿ. ದೊಡ್ಡಮ್ಮನ ಕೈಯಲ್ಲಿ ವರ್ಗಾವಣೆ ಪತ್ರ.

“ಬರ್ಕಳಿ” ಎಂದರು. “ಎರಡ್ ದಿನ ಅಲ್ದಾಡ್ಸಿ ಕೊಟ್ರು ಈ ಕಾಗ್ದಾವ.”

ಬ್ಯಾಂಕು ಎಂದದ್ದು ಇದಕ್ಕೆ. ಕಾಗದವನ್ನು ಎರಡು ಸಲ ಓದಿದೆ. “ಮನೇಲಿ ಒಪ್ಪಿದ್ರಾ ದೊಡ್ಡಮ್ಮ?” ಎಂದೆ.

“ಮಗ ಹೂಂ ಅಂದ. ಸೊಸೆ ಮಾತ್ ಬುಟ್ಟವ್ಳೆ. ಇಲ್ಲೂ ಒಬ್ಳು ಮಾತಾಡಾಕಿಲ್ಲ, ಅಲ್ಲೂ ಒಬ್ಳು. ಅಭ್ಯಾಸ ಆಗೋಗದೆ ಬುಡಿ.” ಆಮೇಲೆ ನನ್ನ ಮುಖ ನೋಡಿ, ಗಂಟಲೇರಿಸಿ, “ಅವಳ್ ಮ್ಯಾಲೆ ಮಮತೆಗಲ್ಲ ಕಣಮ್ಮ ಮತ್ತೆ! ಆ ಹಂಡೆ ಒಬ್ಳೇ ಇಳ್ಸಕಾಗಾಕಿಲ್ಲ, ಅದ್ಕೆ” ಎಂದರು.

ಕಂಪ್ಯೂಟರ್ ಈ ಸಲ ಒಂದೇ ಏಟಿಗೆ ಒಪ್ಪಿತು. ಕಚೇರಿಗೆ ಫೋನ್ ಮಾಡಿ ಇಪ್ಪತ್ತಾರು ಎಂದೆ. ಅವರು, “ಗುಡ್ ಮೇಡಂ, ಹೆಂಗ್ ಮಾಡಿದ್ರಿ?” ಎಂದರು. ನಾನು ಮಾಡಿದ್ದಲ್ಲ ಎನ್ನುವಷ್ಟರಲ್ಲಿ ಇಟ್ಟುಬಿಟ್ಟಿದ್ದರು. ಆ ತಿಂಗಳ ಸಭೆಯಲ್ಲಿ ದಾಖಲಾತಿ ಹೆಚ್ಚಿಸಿದ್ದಕ್ಕೆ ನನಗೆ ಚಪ್ಪಾಳೆ ಬಿತ್ತು. ನಾನು ಎದ್ದು ಕೈಮುಗಿದೆ ಕೂಡ.

ಹುಡುಗಿ ಸೇರಿದ ದಿನ ಮಧ್ಯಾಹ್ನ ಬಡಿಸುವಾಗ ಚಿಕ್ಕಮ್ಮ ಹೊಸ ಹುಡುಗಿಯ ಮುಂದೆ ಸೌಟು ಹಿಡಿದು ನಿಂತರು. ಹುಡುಗಿ ಟೈಯನ್ನು ಸಾಂಬಾರಿಗೆ ಬೀಳದಂತೆ ಹೆಗಲ ಮೇಲೆ ಎಸೆದುಕೊಂಡು ಕಾಯುತ್ತಿತ್ತು. ಚಿಕ್ಕಮ್ಮ ತಲೆಯೆತ್ತಿ, ನನ್ನನ್ನಲ್ಲ, ಗೋಡೆಯನ್ನಲ್ಲ, ನೇರ ದೊಡ್ಡಮ್ಮನನ್ನು ನೋಡಿ, “ಮಗೀಗೆ ಖಾರ ಆಯ್ತದಾ ಅಕ್ಕಾ?” ಎಂದರು.

“ಆಯ್ತದೆ, ಹಾಕು” ಎಂದರು ದೊಡ್ಡಮ್ಮ, ಬಕೆಟ್ಟಿನೊಳಗೆ ಮುಖ ಹಾಕಿಕೊಂಡು.

ಪಾತ್ರೆಗಳೆಲ್ಲ ತೊಳೆದಾದ ಮೇಲೆ ದೊಡ್ಡಮ್ಮ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾ ಕ್ಲಾಸಿನ ಬಾಗಿಲಿಗೆ ಬಂದರು. ಹೊಸ ಹುಡುಗಿ ಎರಡನೆಯ ಸಾಲಿನಲ್ಲಿ ಕೂತಿತ್ತು. ಅದನ್ನು ನೋಡಿದರು, ಕರಿಹಲಗೆ ನೋಡಿದರು, ಆಮೇಲೆ ನನ್ನನ್ನು. ಇಷ್ಟು ವರ್ಷದಲ್ಲಿ ಕಚೇರಿಯವರು ಎಷ್ಟು ಅಕ್ಕಿ ಎಂದು ಕೇಳಿದ್ದಾರೆ, ಎಷ್ಟು ಮೊಟ್ಟೆ, ಎಷ್ಟು ಜನ ಉಂಡರು ಎಂದು ಕೇಳಿದ್ದಾರೆ. ಈ ಪ್ರಶ್ನೆ ಮಾತ್ರ ಯಾರೂ ಕೇಳಿರಲಿಲ್ಲ.

“ಚೆಂದಾಗ್ ಹೇಳ್ಕೊಡ್ತೀರಿ ಅಲ್ವಾ ಮೇಡಮ್ಮೋರೆ?”

“ಹೇಳ್ಕೊಡ್ತೀನಿ ದೊಡ್ಡಮ್ಮ” ಎಂದೆ. ನನ್ನ ದನಿ ಚಿಕ್ಕಮ್ಮನ ದನಿಯಷ್ಟೇ ಇತ್ತು.

“ಜಾಸ್ತಿ ಏನ್ ಬ್ಯಾಡ” ಎಂದರು ಅವರು. ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಅವರಿಗೆ ಚುಚ್ಚಬೇಕೆಂದಿದ್ದರೆ ಊರಿಗೇ ಕೇಳುವಂತೆ ಚುಚ್ಚುತ್ತಿದ್ದರು. ಅವರು ನಂಬಿ ಹೇಳಿದರು. “ನಿಮ್ ಮಗಳಿಗೆ ಎಂಗೋ, ಅಂಗೇ ಇವಳ್ಗೂ. ಅಷ್ಟಾದ್ರೆ ಸಾಕು.”

ನನ್ನ ಮಗಳು ಅಷ್ಟು ಹೊತ್ತಿಗೆ ಬೇರೆ ಯಾರೋ ಮಿಸ್ಸಿನ ಎದುರು ಕೂತಿದ್ದಳು. ಈಗಲೂ ಅಲ್ಲೇ ಕೂರುತ್ತಾಳೆ. ನಾನು ಹೂಂ ಎಂದೆ.